ಕಳ್ಳಗೆಂಪು ಕುದುರೆ

ಕೇಳಿ ಸ್ವಾಮಿ, ಇಂಥ ಕಥೆ ನೀವು ಜನ್ಮದಲ್ಲೇ ಕೇಳಿರಲಿಕ್ಕಿಲ್ಲ! ಒಬ್ಬ ಹುಡುಗಿ ಒಂದು ಗಾಜಿನ ಕುದುರೆಯಿಂದ ಅಪ್ಪನನ್ನು ಸ್ಟೂಲಿನಿಂದ ಎಬ್ಬಿಸಿ, ಒಂದೇ ಡೈಲಾಗಿಗೆ ಮನೆಯವರ ಬಾಯಿ ಮುಚ್ಚಿಸಿದ ಕಥೆ. ಸೀಟಿ ಹೊಡೆಯುವವರು ಈಗಲೇ ಬಾಯಿಗೆ ಬೆರಳಿಟ್ಟುಕೊಳ್ಳಿ.

ಹುಡುಗಿಗೆ ಮನೆಯಲ್ಲಿ ಪಟಾಕಿ ಎಂದೇ ಹೆಸರು. ಅಪ್ಪ ಗಾಜಿನ ಕಡ್ಡಿ ಕರಗಿಸಿ ಚದುರಂಗದ ಕಾಯಿ ಮಾಡುವವನು. ಒಂದು ಸೈನ್ಯ ನೀರಿನಂತೆ ತಿಳಿ, ಇನ್ನೊಂದು ಕೆಂಪು. ಪಟಾಕಿ ಕಾಯಿಗಳ ತಳ ಉಜ್ಜಬೇಕು, ಅಣ್ಣ ಹತ್ತಿಯಲ್ಲಿ ಸುತ್ತಿ ಪೆಟ್ಟಿಗೆಗೆ ತುಂಬಬೇಕು. ಉರಿಯ ಮುಂದಿನ ಸ್ಟೂಲು ಮಾತ್ರ ಅಪ್ಪನದು.

"ಅಪ್ಪಾ, ನೋಡು. ಇದು ಬರೀ ಕೈಯಲ್ಲ, ಬೆಂಕಿಗೇ ಬರೆ ಹಾಕೋ ಕೈ! ಒಂದೇ ಒಂದು ಕುದುರೆ ಮಾಡ್ತೀನಿ."

"ಮೊದ್ಲು ತಳ ನೆಟ್ಟಗೆ ಉಜ್ಜಮ್ಮ. ನಿನ್ನ ಮಂತ್ರಿ ಕುಡಿದೋನ ಹಾಗೆ ವಾಲ್ತಾನೆ."

ಅಣ್ಣ ಕಿಸಕ್ಕನೆ ನಕ್ಕ. ಪಟಾಕಿ ಸಿಡಿದಳು. "ನೀನು ತಪ್ಪೇ ಮಾಡಲ್ವಾ ಅಪ್ಪಾ?"

"ಇಬ್ರೂ ನನ್ನ ತಪ್ಪು ಹಿಡಿದು ತೋರ್ಸಿ. ಮೊದ್ಲು ಯಾರು ಹಿಡೀತಾರೋ ಅವರದೇ ಈ ಸ್ಟೂಲು."

ಅವಳಿಗೆ ಅಷ್ಟೇ ಬೇಕಿತ್ತು. ಕೆಂಪು ಕಾಯಿಯ ಕಡ್ಡಿಗೆ ಅವರು ಕಳ್ಳಗೆಂಪು ಎನ್ನುತ್ತಿದ್ದರು. ನೋಡಲು ಅದೂ ತಿಳಿಯೇ. ಒಮ್ಮೆ ಕಾಯಿಸಿ, ಆರಿಸಿ, ಮತ್ತೆ ಉರಿ ತೋರಿಸಿದರೆ ರಕ್ತದ ಬಣ್ಣ ಏರುತ್ತದೆ. ಗುರುತಿಗೆ ತುದಿಯಲ್ಲೊಂದು ಗೀರು. ಅಪ್ಪ ಕಡ್ಡಿಯನ್ನು ನೋಡುತ್ತಲೇ ಇರಲಿಲ್ಲ, ಉಗುರಿನಿಂದ ತುದಿ ಸವರಿ ಎತ್ತಿಕೊಳ್ಳುತ್ತಿದ್ದ. ಅದು ಅವನ ಸ್ಟೈಲು ಎಂದೇ ಪಟಾಕಿ ತಿಳಿದಿದ್ದಳು. ನಾಲ್ಕಾರು ಕಳ್ಳಗೆಂಪು ಕಡ್ಡಿಗಳ ಗೀರಿದ್ದ ತುದಿ ಮುರಿದು, ಅವನ್ನು ತಿಳಿ ಕಡ್ಡಿಗಳ ಡಬ್ಬಕ್ಕೆ ಸೇರಿಸಿಬಿಟ್ಟಳು.

ಅಪ್ಪ ತಿಳಿ ಸೈನ್ಯದ ಕೊನೆಯ ಕುದುರೆಗೆ ಕೂತ. ಕತ್ತು ಬಾಗಿಸಿದ, ಜೂಲು ಎಳೆದ, ಆರಿಸಿ ಮತ್ತೆ ಉರಿಗೆ ಹಿಡಿದ. ಕುದುರೆ ಕಿವಿಯಿಂದ ಗೊರಸಿನವರೆಗೆ ಕೆಂಪಾಯಿತು. ಪಟಾಕಿ ಡೈಲಾಗಿಗೆ ಉಸಿರು ತುಂಬಿಕೊಂಡಳು.

ಅಪ್ಪ ಕನ್ನಡಕ ತೆಗೆದು, ಇಕ್ಕಳದಲ್ಲಿ ಹಿಡಿದಿದ್ದ ಕುದುರೆಯನ್ನು ಕಿಟಕಿಯ ಬೆಳಕಿಗೆ ಎತ್ತಿದ.

"ನೋಡೇ ಪಟಾಕಿ. ತಿಳಿನೀರು!"

ಈಗ ನಿಜ ಹೇಳಿಬಿಡುತ್ತೇನೆ, ಬೆರಳು ಇಳಿಸಿ. ಡೈಲಾಗು ಬರಲೇ ಇಲ್ಲ. ಅಪ್ಪನ ಕಣ್ಣಲ್ಲಿ ಪೊರೆ ಬೆಳ್ಳಗೆ ಕಟ್ಟಿತ್ತು. ಅವಳು ಅದನ್ನು ಕಂಡದ್ದೇ ಆಗ.

"ಹೂಂ ಅಪ್ಪ," ಅಂದಳು. "ತಿಳಿನೀರೇ."

"ಎಲ್ಲಿಯ ತಿಳಿ? ಅಪ್ಪಾ, ಅದು ಕೆಂಪು!" ಅಣ್ಣ ಕೂಗಿದ.

ಅಪ್ಪ ಇಕ್ಕಳ ಕೆಳಗಿಟ್ಟ. ಆಮೇಲೆ ಎದ್ದ. ತಡಕಾಡಿ ಮಗನ ಭುಜ ಹಿಡಿದು ಸ್ಟೂಲಿನ ಮೇಲೆ ಕೂರಿಸಿದ. ಮಾತೆಂದರೆ ಮಾತು. ಮುರಿದ ಗೀರಿನ ತುದಿಗಳು ಪಟಾಕಿಯ ಮುಷ್ಟಿಯಲ್ಲಿ ಚುಚ್ಚುತ್ತಿದ್ದವು.

"ನಂದಂತೂ ಕಣ್ಣು ಹೋಯ್ತು," ಅಪ್ಪ ಅವಳತ್ತ ತಿರುಗಿದ. "ನಿನಗೇನಾಗಿತ್ತೇ? ಕೆಂಪು ಯಾವುದು, ತಿಳಿ ಯಾವುದು ಗೊತ್ತಾಗಲ್ವಾ? ತಳ ಉಜ್ಜೋಕೇ ಸರಿ ನೀನು."