ಹೊಟ್ಟೆಗೆ ಹಾಕಿಕೊಳ್ಳುವ ಮಾತು

ಸೊಸೆಗೆ ಹುಟ್ಟಿದಾಗಿನಿಂದಲೂ ಕಿವಿ ಕೇಳಿಸುವುದಿಲ್ಲ. ಮಗ ಅವಳನ್ನು ಮೆಚ್ಚಿ ಮದುವೆಯಾದ. ಅವಳ ಕೈಮಾತನ್ನು ಅದಕ್ಕೂ ಮೊದಲೇ ಕಲಿತುಕೊಂಡಿದ್ದ. ಉಳಿದವಳು ನಾನು. ಕನ್ನಡಕದ ಅಂಗಡಿಯಲ್ಲಿ ದಿನವಿಡೀ ನಿಂತು ಗಾಜು ಉಜ್ಜಿ ಅವಳು ಸಂಜೆ ಮನೆಗೆ ಬಂದರೆ, ಮಗ ಬರುವ ತನಕ ನಾವಿಬ್ಬರೂ ಮುಖ ಮುಖ ನೋಡಿಕೊಂಡು ನಗುತ್ತಿದ್ದೆವು. ಬರೀ ನಗುವಿನಲ್ಲಿ ಎಷ್ಟು ದಿನ ಸಂಸಾರ ನಡೆದೀತು?

ಕೈಮಾತಿನ ತರಗತಿ ಕೇಳಿಕೊಂಡು ಹೋದೆ. ಟೀಚರಮ್ಮ ಕೂರಿಸಿ ವಿವರಿಸಿದರು.

"ಎರಡು ಥರ ಇದೆ ಅಮ್ಮಾ. ಒಂದು, ನಾವು ಮಾತಾಡೋ ಸಾಲಲ್ಲೇ ಒಂದೊಂದು ಪದಕ್ಕೆ ಒಂದೊಂದು ಸನ್ನೆ. ಬೇಗ ಬರುತ್ತೆ. ಇನ್ನೊಂದು, ಕಿವಿ ಕೇಳದವರ ಸ್ವಂತ ಭಾಷೆ. ವ್ಯಾಕರಣವೇ ಬೇರೆ, ಮುಖಾನೂ ಮಾತಾಡ್ಬೇಕು. ನಿಮ್ಮ ಸೊಸೆದು ಯಾವುದು?"

"ಎರಡನೇದು. ಆದ್ರೆ ಈ ವಯಸ್ಸಲ್ಲಿ ಹೊಸ ವ್ಯಾಕರಣ ಯಾರಿಗೆ ಬೇಕು ತಾಯಿ? ಮೊದಲನೇದೇ ಕಲಿಸಿ. ಅವಳು ಜಾಣೆ, ಅರ್ಥ ಮಾಡ್ಕೋತಾಳೆ."

ಜೊತೆಗೆ ಬಂದಿದ್ದ ಮಗ ನಕ್ಕ. "ಅದು ನಮ್ಮ ಮಾತಿಗೇ ಗ್ಲೌಸ್ ತೊಡಿಸಿದ ಹಾಗೆ ಅಮ್ಮಾ."

"ನಿಂಗೇನಪ್ಪ, ಪ್ರೀತಿ ಕಲಿಸ್ತು. ನಂಗೆ ಟೀಚರಮ್ಮನೇ ಕಲಿಸ್ಬೇಕು."

ಬೇಗಬೇಗ ಕಲಿತೆ. ಹಾಲು, ನೀರು, ಬಟ್ಟೆ, ಬಾಗಿಲು. ಸೊಸೆ ಚಪ್ಪಾಳೆ ತಟ್ಟುತ್ತಿದ್ದಳು. ನನಗೂ ಜಂಬ ಬಂದಿತ್ತು.

ಮಗ ಕೆಲಸದ ಮೇಲೆ ಪರವೂರಿಗೆ ಹೋಗಿದ್ದಾಗ ಒಂದು ಸಂಜೆ ಒಲೆಯ ಮೇಲೆ ಹಾಲು ಉಕ್ಕುತ್ತಿತ್ತು. ಅವಳು ಒಲೆಗೆ ಬೆನ್ನು ಹಾಕಿ ತರಕಾರಿ ಹೆಚ್ಚುತ್ತಿದ್ದಳು. ನಾನು ಬಾಗಿಲಿನಿಂದಲೇ ಕೂಗಿದೆ. ಕೂಗಿ ಏನು ಪ್ರಯೋಜನ? ಓಡಿ ಬಂದು ತೋಳು ಹಿಡಿದೆಳೆದೆ. ಬೆಚ್ಚಿಬಿದ್ದ ಅವಳ ಕೈ ಪಾತ್ರೆಗೆ ತಗುಲಿ ಬಿಸಿ ಹಾಲು ಪಾದದ ಮೇಲೆ ಚೆಲ್ಲಿತು. ಅವಳು ತಿರುಗಿ ನೋಡಿದಾಗ ನನ್ನ ಮುಖದಲ್ಲಿ ಇನ್ನೂ ಆ ಕೂಗಿನ ಸಿಟ್ಟೇ ಇತ್ತು.

ಪಾದಕ್ಕೆ ಮುಲಾಮು ಹಚ್ಚಿದೆ. ಆದರೂ ಸಮಾಧಾನವಾಗಲಿಲ್ಲ. ಬಚ್ಚಲಿನ ಕನ್ನಡಿಯ ಮುಂದೆ ನಿಂತು ಒಂದು ವಾಕ್ಯ ಜೋಡಿಸಿಕೊಂಡೆ: ನನ್ನ ತಪ್ಪನ್ನು ಹೊಟ್ಟೆಗೆ ಹಾಕಿಕೋ. ಊಟಕ್ಕೆ ಕೂತಾಗ ಅವಳು ಎರಡನೇ ಸಲ ಬ್ರೆಡ್ಡು ತೆಗೆದುಕೊಳ್ಳುತ್ತಿದ್ದಳು. ನಾನು ಕೈ ಎತ್ತಿದೆ. ಗಾಬರಿಯಲ್ಲಿ 'ನನ್ನ' ಬಿಟ್ಟುಹೋಯಿತು. ತಪ್ಪು. ಹೊಟ್ಟೆ. ಹಾಕು.

ಅವಳು ಬ್ರೆಡ್ಡನ್ನು ವಾಪಸ್ ಇಟ್ಟಳು. ನನ್ನ ಮಾತು ಮನಸ್ಸಿಗೆ ತಟ್ಟಿತು ಎಂದುಕೊಂಡು ನಾನು ಹಗುರಾದೆ.

ಮಾರನೆಯ ದಿನವೂ ಅವಳು ಅರೆಹೊಟ್ಟೆಯಲ್ಲೇ ಎದ್ದಳು. ಚಪ್ಪಾಳೆಯೂ ಇಲ್ಲ, ನಗುವೂ ಇಲ್ಲ. ಊರಿಂದ ಬಂದ ಮಗ ಅವಳ ಕೈಗಳನ್ನು ನೋಡುತ್ತಾ ನಿಂತವನು ನನ್ನ ಕಡೆ ತಿರುಗಿದ.

"ಅಮ್ಮಾ, ಹೊಟ್ಟೆ ತುಂಬ ತಿನ್ನೋದು ತಪ್ಪು ಅಂದ್ಯಾ ಇವಳಿಗೆ?"

"ಅಯ್ಯೋ, ನನ್ನ ಕೈ ಸೇದಿಹೋಗ! ಹೊಟ್ಟೆಗೆ ಹಾಕ್ಕೋ ಅಂದೆ ಕಣೋ!"

ಅವನಿಗೆ ನಗು ಉಕ್ಕಿ ಬಂತು. ನನ್ನ ಮುಖ ನೋಡಿ ತಡೆದುಕೊಂಡ.

"ನೀನೇ ಹೇಳ್ಬಿಡೋ ಅವಳಿಗೆ."

"ನಾನು ಹೇಳಿದ್ರೆ ನನ್ನ ಮಾತಾಗುತ್ತಮ್ಮ. ನೀನೇ ಹೇಳು."

ಕಲಿತ ಪದಗಳನ್ನೆಲ್ಲ ಬಿಟ್ಟು ಅವಳ ಮುಂದೆ ಕೂತೆ. ಅವಳ ಪಾದ ಮುಟ್ಟಿದೆ. ಅಂದಿನ ನನ್ನ ಸಿಟ್ಟಿನ ಮುಖವನ್ನು ಮಾಡಿ ತೋರಿಸಿ, ಆ ಮುಖಕ್ಕೆ ನಾನೇ ಒಂದು ಬಾರಿಸಿಕೊಂಡೆ. ಕಣ್ಣಲ್ಲಿ ನೀರು ತಾನಾಗಿ ಬಂತು. ಅವಳು ನನ್ನನ್ನೇ ನೋಡಿದಳು, ಆಮೇಲೆ ಗಂಡನನ್ನು. ಅವನು ಬೇಕೆಂದೇ ಕಿಟಕಿಯಾಚೆ ನೋಡುತ್ತಿದ್ದ. ಅವಳು ನನ್ನ ಕೈ ಹಿಡಿದು, ಅವರ ಭಾಷೆಯಲ್ಲಿ 'ಕ್ಷಮಿಸು' ಎನ್ನುವುದು ಹೇಗೆಂದು ತಿದ್ದಿ ತಿದ್ದಿ ತೋರಿಸಿದಳು. ಅದರಲ್ಲಿ ಹೊಟ್ಟೆ ಇರಲಿಲ್ಲ.

ಈಗ ನಾನು ಟೀಚರಮ್ಮನ ಪಕ್ಕದ ಕೋಣೆಯಲ್ಲಿ, ಸೊಸೆಯ ಭಾಷೆ ಕಲಿಸುವ ತರಗತಿಯಲ್ಲಿದ್ದೇನೆ. ಎಲ್ಲರಿಗಿಂತ ದಡ್ಡಿ. ಅಲ್ಲಿನ ಮೇಷ್ಟ್ರಿಗೂ ಕಿವಿ ಕೇಳಿಸುವುದಿಲ್ಲ. ನನ್ನ ತುಟಿ ಅಲ್ಲಾಡಿದರೆ ಸಾಕು, ಬೆರಳಲ್ಲೇ ಗದರುತ್ತಾರೆ.

ನಿನ್ನೆ ಬಡಿಸುತ್ತಾ ಸೊಸೆಯನ್ನು 'ಸಾಕಾ?' ಎಂದು ಕೇಳಿದೆ. ಹುಬ್ಬೇರಿಸದಿದ್ದರೆ ಆ ಭಾಷೆಯಲ್ಲಿ ಪ್ರಶ್ನೆಯಾಗುವುದಿಲ್ಲವಂತೆ. ನಾನು ಹೇಳಿದ್ದು 'ಸಾಕು' ಎಂದಾಗಿತ್ತು. ಈ ಸಲ ಅವಳು ತಟ್ಟೆ ಸರಿಸಲಿಲ್ಲ. ಎರಡು ಹೆಬ್ಬೆರಳಿಂದ ನನ್ನ ಹುಬ್ಬುಗಳನ್ನು ಮೇಲಕ್ಕೆ ತಳ್ಳಿ ಹಿಡಿದಳು. ನಾನು ಹಾಗೆಯೇ ಮತ್ತೆ ಕೇಳಿದೆ.

ಅವಳು ಇಲ್ಲವೆಂದು ತಲೆಯಾಡಿಸಿ ಇನ್ನೂ ಎರಡು ಚಪಾತಿ ಹಾಕಿಸಿಕೊಂಡಳು.