ಬೆಣ್ಣೆ ಏಳಲಿಲ್ಲ, ಕೈಗುಣ ಯಾರದು?

ನಮ್ಮೂರಿನ ಹೆಂಗಸರಿಗೆ ಶಿಯಾ ಎಂಬ ಕಾಡುಮರದ ಎಣ್ಣೆಬೀಜವೇ ಅನ್ನ, ಅದರ ಬೆಣ್ಣೆ ಮಾರಿಯೇ ಬದುಕು. ಬೀಜ ಹುರಿದು, ಅರೆದು, ದೊಡ್ಡ ಬೋಗುಣಿಯಲ್ಲಿ ನೀರು ಬೆರೆಸಿ ಕೈಯಿಂದಲೇ ಕಡೆಯುತ್ತೇವೆ. ಬೆಣ್ಣೆ ಬೆಳ್ಳಗೆ ಮೇಲೆದ್ದು ಬರುತ್ತದೆ. ಆ ವಾರ ಮಾತ್ರ ರಟ್ಟೆ ಬಿದ್ದುಹೋಗುವಂತೆ ಕಡೆದರೂ ಬೋಗುಣಿಯಲ್ಲಿ ಬರೀ ಕಂದು ಕೆಸರು.

ಅದೇ ವಾರ ನಮ್ಮ ಗುಂಪಿಗೆ ವುಂಪಿನಿ ಸೇರಿದ್ದಳು. ಗಂಡ ತೀರಿಕೊಂಡ ಮೇಲೆ ಕೂಸನ್ನು ಬೆನ್ನಿಗೆ ಕಟ್ಟಿಕೊಂಡು ತವರಿಗೆ ಬಂದವಳು. ಈ ಕೆಲಸ ತಪ್ಪಿದರೆ ಅವಳಿಗೆ ಬೇರೆ ದಿಕ್ಕಿರಲಿಲ್ಲ.

ಗುಂಪಿನ ಹಿರಿಯರಾದ ಅಜಾರಾ ಅಮ್ಮ ಕೈ ಒರೆಸಿಕೊಂಡು ಎದ್ದರು. "ಇವಳು ಬಂದ್ಲು, ಬೆಣ್ಣೆ ಹೋಯ್ತು. ಕೈಗುಣ ಸರಿಯಿಲ್ಲ ಕಣ್ರೇ. ನಾಳೆಯಿಂದ ಇವಳು ಬರೋದು ಬೇಡ."

ಒಬ್ಬಳು ಹೌದೆಂದಳು, ಆಮೇಲೆ ಎಲ್ಲರೂ ಹೌದೆಂದರು. ಹೌದೆನ್ನಲು ಕಡೆಯುವಷ್ಟು ಕಷ್ಟವಿಲ್ಲವಲ್ಲ. ಇವಳನ್ನು ಇಟ್ಟುಕೊಂಡರೆ ನಾಳೆ ಊರಿನ ಹಸುಗಳೂ ಹಾಲು ಬತ್ತಿಸಿಕೊಳ್ಳುತ್ತವೆ ಎಂದಳು ಇನ್ನೊಬ್ಬಳು. ವುಂಪಿನಿ ತಲೆ ತಗ್ಗಿಸಿ, ಬೆನ್ನಿನ ಕೂಸನ್ನು ಇನ್ನಷ್ಟು ಬಿಗಿಯಾಗಿ ಕಟ್ಟಿಕೊಂಡಳು.

ಮಕ್ಕಳಿಗೆ ಲಸಿಕೆ ಹಾಕಲು ಬಂದಿದ್ದ ನರ್ಸ್ ನಪಾರಿ ಇದನ್ನೆಲ್ಲ ಕೇಳುತ್ತಿದ್ದಳು. "ಅಮ್ಮಾ, ಅವಳು ಬಂದ್ಮೇಲೆ ಬೆಣ್ಣೆ ಕೆಟ್ಟಿತು, ಒಪ್ದೆ. ಅವಳಿಂದಾನೇ ಕೆಟ್ಟಿತು ಅಂತ ಹೇಗೆ ಗೊತ್ತು? ಈ ವಾರ ಬೇರೇನೂ ಬದಲಾಗಿಲ್ವಾ?"

"ಒಂದಿನಾನೂ ಬೋಗುಣಿಗೆ ಕೈ ಹಾಕ್ದೋಳಲ್ಲ, ನೀನೇನೇ ಹೇಳೋದು?" ಎಂದು ಅಜಾರಾ ಅಮ್ಮ ಗದರಿದರು.

"ನನಗೆ ಕಡೆಯೋಕೆ ಬರಲ್ಲ, ನಿಜ. ಅಷ್ಟಕ್ಕೇ ನನ್ನ ಮಾತು ಸುಳ್ಳಾಗುತ್ತಾ? ನಾಳೆ ಅವಳನ್ನ ಬಿಟ್ಟು ಕಡೆದು ನೋಡಿ ಅಮ್ಮ, ಆಮೇಲೆ ಬೈಯಿರಿ."

ಮರುದಿನ ವುಂಪಿನಿ ಬರಲಿಲ್ಲ. ಬೆಣ್ಣೆಯೂ ಬರಲಿಲ್ಲ. ಅಜಾರಾ ಅಮ್ಮ ಮರಗಟ್ಟಿದ ಬೆರಳುಗಳನ್ನು ಬೋಗುಣಿಯಿಂದ ತೆಗೆದು, ದೂಳು ಮುಸುಕಿದ ಆಕಾಶವನ್ನೊಮ್ಮೆ ನೋಡಿದರು. ಹರ್ಮಟಾನ್ ಎಂಬ ದೂಳಿನ ಚಳಿಗಾಳಿ ಈ ಸಲ ಬೇಗನೆ ಬೀಸಿತ್ತು. ಆ ಗಾಳಿ ಬಂದರೆ ಬಿಸಿನೀರು ಬೆರೆಸದೆ ಬೆಣ್ಣೆ ಏಳುವುದಿಲ್ಲ. ನಾವೆಲ್ಲ ಸೆಕೆಗಾಲದಂತೆ ಮಡಕೆಯ ತಣ್ಣೀರನ್ನೇ ಸುರಿಯುತ್ತಿದ್ದೆವು. ತಪ್ಪಿತಸ್ಥಳು ಸಿಕ್ಕಿಬಿಟ್ಟಿದ್ದಳಲ್ಲ, ಕಾರಣ ಹುಡುಕುವ ಗೋಜಿಗೆ ಯಾರೂ ಹೋಗಿರಲಿಲ್ಲ.

ಅಜಾರಾ ಅಮ್ಮ ಬೇರೆ ಯಾರನ್ನೂ ಕಳಿಸಲಿಲ್ಲ. ತಾವೇ ಹೋಗಿ ವುಂಪಿನಿಯನ್ನು ಕರೆತಂದು, ಬಿಸಿನೀರು ಬೆರೆಸಿ, ಮೊದಲು ಅವಳ ಕೈಯನ್ನೇ ಬೋಗುಣಿಗೆ ಹಾಕಿಸಿದರು. ಸ್ವಲ್ಪ ಹೊತ್ತಿಗೆ ಬೆಣ್ಣೆ ನೊರೆನೊರೆಯಾಗಿ ಎದ್ದಿತು. ಅಬ್ಬಾ, ನಮಗಾದ ಸಂತೋಷ ಅಷ್ಟಿಷ್ಟಲ್ಲ.

ಹಸುವಿನ ಮಾತಾಡಿದ್ದವಳು ಬಾಯಗಲಿಸಿ, ವುಂಪಿನಿಯ ಕೈಗುಣ ಎಷ್ಟು ಚೆನ್ನಾಗಿದೆ ಎಂದಳು.

"ಸುಮ್ನಿರೇ," ಎಂದರು ಅಜಾರಾ ಅಮ್ಮ. "ಮತ್ತೆ ಅದೇ ತಪ್ಪು. ಕೈಗುಣ ಅಲ್ಲ, ಬಿಸಿನೀರು."

ಓದುತ್ತಿರುವ ಅಕ್ಕಂದಿರೇ, ಅಣ್ಣಂದಿರೇ, "ಇವಳು ಬಂದ್ಮೇಲೆ ಹೀಗಾಯ್ತು" ಎಂಬ ಮಾತು ನಿಮ್ಮ ಮನೆಯಲ್ಲೂ ಬಂದೀತು. ತಲೆಯಾಡಿಸುವ ಮೊದಲು, ಇವಳಿಂದಲೇ ಆಯಿತೇ ಎಂದು ಕೇಳಿ. ಎಲ್ಲರೂ ಹೇಳಿದರೆಂದು ಮಾತು ನಿಜವಾಗುವುದಿಲ್ಲ. ಹೇಳಿದವರು ನಮಗೆ ಹಿಡಿಸಲಿಲ್ಲವೆಂದು ಸುಳ್ಳೂ ಆಗುವುದಿಲ್ಲ. ಪರೀಕ್ಷಿಸಿ ನೋಡಿ. ನಿಮ್ಮ ಒಂದು ಪ್ರಶ್ನೆಯಿಂದ ಒಬ್ಬಳ ಅನ್ನ ಉಳಿಯಬಹುದು.