ವಲೆಂತಿಯ ಒದ್ದೆ ಚೆಂಡು

ಮಾರ್ಚಿ ತಿಂಗಳ ಒಂದು ಬೆಳಗ್ಗೆ ಹೊತ್ತಲ್ಲದ ಹೊತ್ತಿನಲ್ಲಿ ಗಣಿಯ ಸೀಟಿ ಕೂಗಿತು. ಕಲ್ಲಿದ್ದಲ ಗಣಿಯ ಊರಾದ ಶಮೋಕಿನ್ನಿನ ನಮ್ಮ ಬೀದಿಯ ಹೆಂಗಸರೆಲ್ಲ ಬಾಗಿಲಿಗೆ ಬಂದು ನಿಂತೆವು. ಗಣಿಯಿಂದ ಹೆಣ ತರುವ ಕಪ್ಪು ಗಾಡಿ ಒಂದೊಂದೇ ಮನೆ ದಾಟಿ ನನ್ನ ಮನೆಯ ಮುಂದೆ ನಿಂತಿತು. ನನ್ನ ತಮ್ಮ ವಲೆಂತಿಯನ್ನು ಜಗಲಿಯ ಮೇಲೆ ಮಲಗಿಸಿ ಹೋದರು. ಮೇಲಿನ ಕಲ್ಲು ಕುಸಿದು ಎದೆ ಜಜ್ಜಿಹೋಗಿತ್ತು; ಬಲಗೈಗೆ ಮಾತ್ರ ಒಂದು ತರಚು ಗಾಯವೂ ಇರಲಿಲ್ಲ.

ಹತ್ತೊಂಬತ್ತನೇ ವಯಸ್ಸಿನಲ್ಲಿ ಅವನನ್ನು ಗಣಿಯಿಂದ ಮೇಲೆತ್ತಿದ್ದು ಆ ಕೈಯೇ. ಒಂಬತ್ತು ವರ್ಷ ಅವನು ದೊಡ್ಡ ಊರಿನ ಬೇಸ್‌ಬಾಲ್ ತಂಡದಲ್ಲಿ ಚೆಂಡೆಸೆದ. ಎಲ್ಮ್ ಮರದ ತೊಗಟೆ ಜಗಿದು, ಲೋಳೆಯಾದ ಉಗುಳನ್ನು ಬೆರಳಿಗೆ ಸವರಿ ಎಸೆದರೆ ಚೆಂಡು ದಾಂಡಿನ ಹತ್ತಿರ ಬಂದು ತಟ್ಟನೆ ಕುಸಿಯುತ್ತಿತ್ತು. ಅವನಿಗೆ ಗೊತ್ತಿದ್ದ ವಿದ್ಯೆ ಅದೊಂದೇ.

೧೯೨೦ರ ಚಳಿಗಾಲದಲ್ಲಿ ಆಟದ ಮಂಡಳಿಯವರು ಆ ಎಸೆತವನ್ನು ನಿಷೇಧಿಸಿದರು. ಅದನ್ನೇ ನಂಬಿದ ಹಳಬರಲ್ಲಿ ತಂಡಕ್ಕೆ ಇಬ್ಬರಂತೆ ವಿನಾಯಿತಿ ಇತ್ತು; ಅದಕ್ಕೆ ಪಟ್ಟಿಯಲ್ಲಿ ಹೆಸರು ಬರೆಸಬೇಕು. ತಂಡದ ಯಜಮಾನ ಕಾಗದ ಕಳಿಸಿ ಸಹಿ ಕೇಳಿದ. ಪತ್ರಿಕೆಗಳು ಆಗ ಅದನ್ನು ಮೋಸದ ಎಸೆತವೆಂದು ಬರೆಯುತ್ತಿದ್ದವು. ತಾಯಿ ಸತ್ತ ಮೇಲೆ ವಲೆಂತಿಯನ್ನು ಸಾಕಿದವಳು ನಾನು. ಸಹಿ ಮಾಡುವ ಮೊದಲು ನನಗೆ ಓದಿ ಹೇಳಿದ.

"ಮೋಸಗಾರರ ಪಟ್ಟೀಲಿ ಅಪ್ಪನ ಹೆಸರು ಬರೆಸ್ತೀಯೇನೋ?" ಎಂದೆ.

"ಇಷ್ಟು ವರ್ಷ ಎಲ್ಲರ ಕಣ್ಣೆದುರೇ ಎಸೆದಿದ್ದೀನಲ್ಲ ಅಕ್ಕ. ಅದು ಹೋದ್ರೆ ನನ್ನ ಹತ್ರ ಇನ್ನೇನಿದೆ?"

"ದೇವರಿದಾನೆ."

ಅವನು ಗೋಡೆಯ ಮೇಲಿನ ದೇವಮಾತೆಯ ಪಟದತ್ತ ನೋಡಿದ. ಕಾಗದವನ್ನು ಒಲೆಗೆ ಹಾಕಿದ.

ಒಣ ಚೆಂಡನ್ನು ಎಲ್ಲರೂ ಬಾರಿಸಿದರು. ಜೂನ್ ಮುಗಿಯುವ ಮೊದಲೇ ತಂಡ ಅವನನ್ನು ಬಿಟ್ಟಿತು. ಸಣ್ಣ ಊರಿನ ತಂಡಗಳೂ ಎರಡೆರಡು ವಾರ ನೋಡಿ ಕಳಿಸಿದವು. ಎಲೆ ಉದುರುವ ಹೊತ್ತಿಗೆ ಮತ್ತೆ ಗಣಿಗಿಳಿದ. "ಇಲ್ಲಿ ಎಷ್ಟು ಬೇಕಾದ್ರೂ ಉಗುಳಪ್ಪ, ಅಂಪೈರ್ ಇಲ್ಲ" ಎಂದು ಜೊತೆಯವರು ಛೇಡಿಸಿದರಂತೆ. ಅವನೂ ನಕ್ಕನಂತೆ. ಮನೆಯಲ್ಲಿ ಅವನು ನಕ್ಕಿದ್ದನ್ನು ನಾನು ಮತ್ತೆ ನೋಡಲಿಲ್ಲ. ನನ್ನನ್ನು ಒಂದು ಮಾತೂ ಅನ್ನಲಿಲ್ಲ.

ಮಣ್ಣು ಮಾಡುವ ದಿನ ಚರ್ಚಿನ ಗುರುಗಳ ಮುಂದೆ ಮೊಣಕಾಲೂರಿ ಎಲ್ಲವನ್ನೂ ಒಪ್ಪಿಕೊಂಡೆ. ಆಟದವರೇ ಅನುಮತಿ ಕೊಟ್ಟ ಮೇಲೆ ಅದರಲ್ಲಿ ಪಾಪವೆಲ್ಲಿಂದ ಬರಬೇಕಮ್ಮ, ಅವನು ಸಹಿ ಮಾಡಬಹುದಿತ್ತು ಎಂದರು. ನನಗೆ ಕ್ಷಮೆ ನೀಡಿದರು. ಆ ಕ್ಷಮೆ ನನ್ನೊಳಗೆ ಇಳಿಯಲಿಲ್ಲ.

ಪ್ರಭುವೇ, ವಲೆಂತಿ ನನ್ನ ಮಾತನ್ನು ನಿನ್ನ ಮಾತೆಂದು ನಂಬಿದ. ನನ್ನ ತಪ್ಪನ್ನು ಅವನ ಮೇಲೆ ಹೊರಿಸಬೇಡ. ನೆಲದಡಿಯ ಕತ್ತಲಲ್ಲಿ ಸತ್ತವನಿಗೆ ನಿನ್ನ ಬೆಳಕು ಕಾಣಲಿ. ದಣಿದ ಆ ಜೀವವನ್ನು ನಿನ್ನ ಬಳಿ ಇಟ್ಟುಕೊಂಡು ಶಾಂತಿ ಕೊಡು.